ಮುಟ್ಟಿದ ಎಂದು ಕೂಗಿದವನು ನಾನೇ

ಕಬಡ್ಡಿಯಲ್ಲಿ ಮೈ ಮುಟ್ಟಿಸಿಕೊಂಡವನು ತಾನೇ ಕೈ ಎತ್ತಿ ಹೊರಗೆ ನಡೆಯಬೇಕು. ನಮ್ಮ ಕಡೆ ಇದನ್ನು ಯಾರೂ ಕೂಡಿಸಿ ಕಲಿಸುವುದಿಲ್ಲ, ಸಣ್ಣವರಿದ್ದಾಗಲೇ ಒದೆ ತಿಂದು ಕಲಿಯುತ್ತೇವೆ. ರೆಫ್ರಿ ನೋಡಿರಲಿ, ಬಿಡಲಿ, ಎದುರಾಳಿಯ ಉಗುರಿನ ತುದಿ ತಾಗಿದರೂ ಕೈ ಮೇಲೆ ಹೋಗಬೇಕು. ಹೋಗದಿದ್ದರೆ ಅವನು ಗಂಡಸಲ್ಲ, ಅವನ ಊರು ಊರಲ್ಲ. ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ತಾಲೂಕುಗಳಲ್ಲಿ ಹೊಲದ ಬದುವಿಗಾಗಿ ಒಡೆದಷ್ಟೇ ತಲೆಗಳು ಎತ್ತದ ಕೈಗಾಗಿಯೂ ಒಡೆದಿವೆ. ಅಂಥದ್ದೊಂದು ಹೊಡೆದಾಟವನ್ನು ಶುರು ಮಾಡಿದವನು ನಾನು. ಅದನ್ನು ಬಿಟ್ಟು ನನ್ನ ಟಿವಿ ದಿನಗಳ ಬಗ್ಗೆ ಬೇರೇನು ಬರೆದರೂ ಸುಳ್ಳು ಬರೆದಂತೆ.

ಟಿವಿ ಎಂದರೆ ದೊಡ್ಡದೇನಲ್ಲ. ತೊಂಬತ್ತರ ದಶಕದ ಕೊನೆಯ ವರ್ಷಗಳು. ಸಿಂದಗಿಯ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಕೋಣೆಯ ಕೇಬಲ್ ಆಫೀಸು, ಎರಡು ವಿಸಿಆರ್, ಒಂದು ಮುರುಕು ಫ್ಯಾನು. ಮಾಲೀಕ ಮದುವೆ ಶೂಟಿಂಗ್ ಮಾಡುತ್ತಿದ್ದ, ನಾನು ಕಂಬ ಹತ್ತಿ ವೈರು ಎಳೆಯುತ್ತಿದ್ದೆ. ಮುಂಜಾನೆ ಭಜನೆ, ಮಧ್ಯಾಹ್ನ ಸಿನಿಮಾ ಹಾಕುತ್ತಿದ್ದ ಆ ಚಾನೆಲ್ಲಿನಲ್ಲಿ ಒಂದು ದಿನ ಅವನು ಹೈಸ್ಕೂಲ್ ಮೈದಾನದ ಕಬಡ್ಡಿಯನ್ನು ತೋರಿಸಿದ. ಊರಿಗೆ ಊರೇ ಟಿವಿ ಮುಂದೆ ಕುಳಿತಿತು. ಕ್ರಿಕೆಟ್ ನೋಡಿ ನೋಡಿ ಬೇಸತ್ತ ಮಂದಿಗೆ ತಮ್ಮದೇ ಆಟ, ತಮ್ಮದೇ ಮಣ್ಣು, ತಮ್ಮದೇ ಓಣಿಯ ಹುಡುಗರ ಮುಸುಡಿ ಪೆಟ್ಟಿಗೆಯಲ್ಲಿ ಕಂಡಿತು.

ನನ್ನ ದನಿ ದೊಡ್ಡದು ಎಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ಮೈಕಿನ ಮುಂದೆ ಕೂಡಿಸಿದರು. ಮೊದಲ ಸಲ ಪುಸ್ತಕದ ಕನ್ನಡದಲ್ಲಿ, "ಆಟಗಾರರು ಈಗ ದಾಳಿ ನಡೆಸುತ್ತಿದ್ದಾರೆ" ಎಂದೆ. ಕನ್ನೊಳ್ಳಿಯ ಮುದುಕಿಯೊಬ್ಬಳು ಆಫೀಸಿಗೇ ಬಂದು, "ಯಾರ ಸತ್ತಾರೋ ಯಪ್ಪಾ, ಹಂಗ ವಾರ್ತಾ ಓದಿದಂಗ ಓದಾಕತ್ತಿದ್ದಿ?" ಎಂದು ಬೈದು ಹೋದಳು. ಮುಂದಿನ ಸಲ ನಾಲಿಗೆ ಬಿಚ್ಚಿದೆ. "ಕಾಲ ಹಿಡೀಲೇ! ಹಿಡಿದು ಕೆಡವು! ಎದಿ ಮ್ಯಾಲ ಕುಂದ್ರು!" ಎಂದು ಮನೆಯ ಜಗಲಿಯ ಮೇಲೆ ಕುಳಿತವನಂತೆ ಒದರಿದೆ. ಅಲ್ಲಿಂದ ನನ್ನ ಹೆಸರು ಓಡಿತು. ನಮ್ಮ ಕ್ಯಾಸೆಟ್‌ಗಳು ಸರಕಾರಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಇಂಡಿಗೆ, ಮುದ್ದೇಬಿಹಾಳಕ್ಕೆ, ಬಾಗೇವಾಡಿಗೆ ಹೋಗಿ ಅಲ್ಲಿನ ಕೇಬಲ್‌ಗಳಲ್ಲಿಯೂ ಓಡುತ್ತಿದ್ದವು. ಸಂತೆಯಲ್ಲಿ ನಿಂತು ಬದನೆಕಾಯಿ ಕೇಳಿದರೂ ಮಂದಿ ನನ್ನ ದನಿಯ ಗುರುತು ಹಿಡಿದು ನಗುತ್ತಿದ್ದರು. ನನಗೆ ಸೊಕ್ಕು ಬಂದಿತ್ತು ಎಂದು ಈಗ ಹೇಳಬಲ್ಲೆ. ಆಗ ಅದನ್ನು ಕಲೆ ಎಂದುಕೊಂಡಿದ್ದೆ.

ಮೈದಾನದ ಬದಿಗೆ ಹಾಕಿದ ನನ್ನ ಟೇಬಲ್ಲಿನ ಮೇಲೆ ಮಾಲೀಕ ಒಂದು ಸಣ್ಣ ಕಪ್ಪು ಬಿಳುಪು ಟಿವಿ ಇಟ್ಟಿದ್ದ. ಕ್ಯಾಮೆರಾ ಏನು ಹಿಡಿಯುತ್ತದೋ ಅದು ಅದರಲ್ಲಿ ಕಾಣುತ್ತಿತ್ತು. ಮಂದಿಗೆ ಕಾಣುವುದನ್ನೇ ನಾನು ಹೇಳಬೇಕು, ಅದಕ್ಕಾಗಿ. ಬರುಬರುತ್ತಾ ನಾನು ಹತ್ತು ಹೆಜ್ಜೆ ದೂರದ ಮೈದಾನ ಬಿಟ್ಟು ಆ ಟಿವಿಯನ್ನೇ ನೋಡತೊಡಗಿದೆ. ಅದರಲ್ಲಿ ಆಟ ಸಣ್ಣಗೆ, ಚೊಕ್ಕವಾಗಿ ಕಾಣುತ್ತಿತ್ತು. ಧೂಳು ಕಣ್ಣಿಗೆ ಬೀಳುತ್ತಿರಲಿಲ್ಲ.

ಒಂದು ವರ್ಷ ಆ ಮೈದಾನದ ಟೂರ್ನಮೆಂಟಿನ ಫೈನಲ್‌ಗೆ ನಮ್ಮೂರ ತಂಡ ಬಂದಿತ್ತು. ಎದುರಿಗೆ ಕೃಷ್ಣಾ ಹೊಳೆಯ ಕಡೆಯ ಒಂದು ಊರಿನವರು. ಅವರಲ್ಲಿ ಒಬ್ಬನಿದ್ದ, ಬಲಮೂಲೆಯಲ್ಲಿ ನಿಲ್ಲುವವನು, ಕಪ್ಪಗೆ, ಗಿಡ್ಡಗೆ. ಅವನ ಕೈಗೆ ಸಿಕ್ಕ ಕಾಲು ತಿರುಗಿ ಗೆರೆ ಮುಟ್ಟುತ್ತಿರಲಿಲ್ಲ. ಆ ದಿನ ನಮ್ಮೂರ ಇಬ್ಬರನ್ನು ನೆಲಕ್ಕೆ ಕುಕ್ಕಿ ಒಬ್ಬನ ಹಲ್ಲು ಉದುರಿಸಿದ್ದ. ಅದು ಆಟದ ಹೊಡೆತವೇ, ತಕರಾರಿಲ್ಲ. ಆದರೆ ನಾನು ಅವನ ಮೇಲೆ ಹಗೆ ಹಿಡಿದಿದ್ದೆ. ಹಲ್ಲು ಉದುರಿಸಿಕೊಂಡವನು ನನ್ನ ಸೋದರಮಾವನ ಮಗ.

ಕೊನೆಯ ನಿಮಿಷ. ಪಾಯಿಂಟು ಸಮ. ನಮ್ಮವನು ರೇಡ್ ಹೋದ. ಸರಿಯಾಗಿ ಅದೇ ಹೊತ್ತಿಗೆ ಮುಖ್ಯ ಅತಿಥಿಯ ಜೀಪು ಬಂತು. ಅತಿಥಿ ಬಂದ ಕೂಡಲೇ ಕ್ಯಾಮೆರಾ ಅವರ ಕಡೆಗೆ ತಿರುಗಬೇಕು, ಮಾಲೆ ಕೊರಳಿಗೆ ಬೀಳುವುದು ಕ್ಯಾಸೆಟ್ಟಿನಲ್ಲಿ ಬರಬೇಕು, ಇದು ನಮ್ಮ ಮಾಲೀಕನ ಕಾಯಿದೆ. ಕ್ಯಾಮೆರಾ ತಿರುಗಿತು. ನಾನು ನೋಡುತ್ತಿದ್ದ ಸಣ್ಣ ಟಿವಿಯಲ್ಲಿ ಜೀಪು, ಮಾಲೆ, ರುಮಾಲು, ಶಾಲು ಬಂದವು. ಮೈದಾನ ನನ್ನ ಎದುರಿಗೇ ಇತ್ತು. ತಲೆ ಎತ್ತಿದ್ದರೆ ಸಾಕಿತ್ತು. ಎತ್ತಲಿಲ್ಲ.

ಹೋ ಎಂದು ಗದ್ದಲ ಎದ್ದಾಗ ಎತ್ತಿದೆ. ನಮ್ಮವನು ತನ್ನ ಗೆರೆ ದಾಟಿ ಬಂದು, ಬಲಮೂಲೆಯವನನ್ನು ಮುಟ್ಟಿ ಬಂದೆನೆಂದು ಕುಣಿಯುತ್ತಿದ್ದ. ಬಲಮೂಲೆಯವನು ತನ್ನ ಜಾಗದಲ್ಲಿ ನಿಂತಿದ್ದ. ರೆಫ್ರಿ ಸೀಟಿ ಊದಿರಲಿಲ್ಲ. ಬಲಮೂಲೆಯವನ ಬಳಿ ಹೋಗಿ ಕೇಳುತ್ತಿದ್ದ.

"ಮುಟ್ಟಿಸ್ಕೊಂಡಿಯೇನೋ?"

"ಇಲ್ರೀ ಸರ."

ಅವನ ಮಾತಿಗೆ ಅಲ್ಲಿಗೇ ಬೆಲೆ ಸಿಗಬೇಕಿತ್ತು. ಆದರೆ ನನ್ನ ಮೈಕು ಮೈದಾನದ ಲೌಡ್‌ಸ್ಪೀಕರಿಗೂ ಜೋಡಿಸಿತ್ತು. "ಮುಟ್ಯಾನ! ಮುಟ್ಯಾನ! ಮುಟ್ಟಿಸ್ಕೊಂಡು ಕಳ್ಳನಂಗ ನಿಂತಾನ ನೋಡ್ರಿ! ನಾ ಕಣ್ಣಾರೆ ನೋಡೇನಿ! ಕೈ ಎತ್ತಲೇ ಮಗನ!" ಎಂದು ನಾನು ಒದರಿದೆ.

ಮಂದಿ ಒಳಗೆ ನುಗ್ಗಿತು. ಮೊದಲು ಕುರ್ಚಿಗಳು ಹಾರಿದವು. ಆಮೇಲೆ ಕಲ್ಲು. ರೆಫ್ರಿಯ ಹಣೆ ಒಡೆಯಿತು. ಹೊಳೆಯ ಕಡೆಯವರು ಇದ್ದದ್ದು ಒಂದು ಟೆಂಪೋದಷ್ಟು ಜನ, ನಾವು ಮೈದಾನ ತುಂಬ. ಅವರನ್ನು ಗೋಡೆಗೆ ಒತ್ತಿ ಹೊಡೆದರು, ಬಿದ್ದವರನ್ನು ತುಳಿದರು. ಪೆಂಡಾಲಿನ ಹಗ್ಗಕ್ಕೆ ಬಡಿದಿದ್ದ ಕಬ್ಬಿಣದ ಗೂಟ ಕಿತ್ತರು. ನಾಲ್ವರು ಬಲಮೂಲೆಯವನನ್ನು ಕೆಡವಿ, ಅವನ ಬಲಗೈಯನ್ನು ಗೆರೆಯ ಪಕ್ಕದ ಕಲ್ಲಿನ ಮೇಲೆ ಇಟ್ಟು ಹಿಡಿದರು. "ಎತ್ತದ ಕೈ ಇವಂಗ್ಯಾಕ ಬೇಕಲೇ?" ಎಂದು ಒಬ್ಬ ಗೂಟ ಎತ್ತಿದ. ನಾಲ್ಕು ಸಲ ಬಡಿದ. ಎಲುಬು ಮುರಿದ ಸಪ್ಪಳ ನನಗೆ ಕೇಳಿಸಿತು. ಎರಡನೆಯ ಸಲಕ್ಕೇ ಅವನು ಕೂಗುವುದನ್ನು ನಿಲ್ಲಿಸಿದ್ದ.

ನಾನು ಏನು ಮಾಡುತ್ತಿದ್ದೆ? ಹೇಳಲು ನಾಚಿಕೆ. ಮೈಕು ಬಿಟ್ಟಿರಲಿಲ್ಲ. "ಹೊಡದ್ರು, ಹೊಡದ್ರು, ಮತ್ತ ಹೊಡದ್ರು" ಎಂದು ಆಟ ಹೇಳಿದಂತೆಯೇ ಹೇಳುತ್ತಿದ್ದೆ. ಮಾಲೀಕ ಬಂದು ನನ್ನ ಕಪಾಳಕ್ಕೆ ಬಿಟ್ಟು ವೈರು ಕಿತ್ತ ಮೇಲೆ ಸುಮ್ಮನಾದೆ.

ಮಾಲೀಕ ಹೊಡೆದಾಟವನ್ನು ಕತ್ತರಿಸಿ ಹಾಕಿದ. ಉಳಿದ ಆಟವನ್ನು ಮೂರು ದಿನ ಓಡಿಸಿದ. ಕ್ಯಾಸೆಟ್ ಎಂದಿನಂತೆ ಬಸ್ಸು ಹತ್ತಿ ಇಂಡಿ, ಮುದ್ದೇಬಿಹಾಳ, ಬಾಗೇವಾಡಿಗೆ ಹೋಯಿತು. ಚಿತ್ರದಲ್ಲಿ ಅತಿಥಿಗೆ ಶಾಲು ಹೊದಿಸುತ್ತಿದ್ದಾರೆ, ಹಿಂದಿನಿಂದ ನನ್ನ ದನಿ ಕಳ್ಳ, ಕಳ್ಳ ಎನ್ನುತ್ತಿದೆ. ನಾಲ್ಕು ತಾಲೂಕಿನಲ್ಲಿ ಅವನ ನಿಜವಾದ ಹೆಸರು ಮರೆತುಹೋಯಿತು. ಕೈ ಎತ್ತದವ ಎಂದರೆ ಸಾಕು, ಗೊತ್ತಾಗುತ್ತಿತ್ತು.

ಅವನಿಗೆ ಒಬ್ಬ ಅಣ್ಣನಿದ್ದ. ದವಾಖಾನೆಯ ಮಂಚದ ಮೇಲೆ ಮಲಗಿದ್ದ ತಮ್ಮನನ್ನು ಒಂದೇ ಮಾತು ಕೇಳಿದನಂತೆ. ಮುಟ್ಟಿದ್ದನೇನು? ಇಲ್ಲ ಎಂದಿದ್ದನಂತೆ. ಆ ಒಂದು ಮಾತಿನ ಮೇಲೆ ಅಣ್ಣ ಎರಡು ವಾರ ಬಿಟ್ಟು ಸಂತೆಯ ದಿನ ನಮ್ಮ ರೇಡರನನ್ನು ಹಿಡಿದು ಬಂಡಿಯ ಗೂಟದಿಂದ ಭುಜ ಮುರಿದ. ಬಿಡಿಸಲು ಹೋದವನ ಮೊಣಕಾಲು ಚೂರಾಯಿತು. ಅಣ್ಣ ವಿಜಾಪುರದ ಜೇಲಿಗೆ ಹೋದ.

ಒಂದು ವರ್ಷದ ಮೇಲೆ, ಬಿಸಿಲು ನೆತ್ತಿ ಸುಡುವ ಹೊತ್ತಿನಲ್ಲಿ, ಬಲಮೂಲೆಯವನು ನಮ್ಮ ಆಫೀಸಿನ ಬಾಗಿಲಲ್ಲಿ ನಿಂತ. ಹೊಡೆಯಲು ಬಂದಿದ್ದಾನೆ ಎಂದುಕೊಂಡು ನಾನು ಕಟಿಂಗ್ ಪ್ಲೇಯರ್ ಕೈಗೆ ತೆಗೆದುಕೊಂಡೆ. ಅವನು ಚಪ್ಪಲಿ ಹೊರಗೆ ಬಿಟ್ಟು ಬಂದ.

"ಆ ಕ್ಯಾಸೆಟ್ ಒಮ್ಮಿ ಹಚ್ಚತೀರೇನ್ರಿ?"

ಹಚ್ಚಿದೆ. ಕೊನೆಯ ರೇಡ್ ಬಂತು. ಜೀಪು, ಮಾಲೆ, ಶಾಲು, ನನ್ನ ಒದರಾಟ. ಅವನು ಮೂರು ಸಲ ಹಿಂದಕ್ಕೆ ಹಾಕಿಸಿ ನೋಡಿದ. ಬಲಗೈ ಮಡಿಲಲ್ಲಿ ಇತ್ತು. ಬೆರಳುಗಳು ಒಳಕ್ಕೆ ಬಾಗಿ ಅರೆ ಮುಷ್ಟಿಯಾಗಿ ಗಟ್ಟಿಯಾಗಿದ್ದವು.

"ಚಿತ್ರದಾಗ ನಾ ಇಲ್ಲ. ನಿಮ್ಮ ದನಿ ಅಷ್ಟ ಐತಿ" ಎಂದ. ಟಿವಿಯಿಂದ ನನ್ನ ಕಡೆಗೆ ತಿರುಗಿ, "ಮೊದಲ ನನಗ ಖಾತ್ರಿ ಇತ್ರಿ. ಈಗೀಗ ಸಂಶಯ ಬರಾಕತ್ತೈತಿ. ಬೆವರಿನಾಗ, ಧೂಳಿನಾಗ, ಒಂದ್ ಬೆರಳ ತಾಗಿದ್ರ ಗೊತ್ತಾಗ್ಲಿಕ್ಕಿಲ್ಲ. ಇಷ್ಟ ಮಂದಿ ಹೇಳ್ತಾರಂದ್ರ ತಾಗಿದ್ರೂ ತಾಗಿರಬೇಕು. ನೀವು ಕಣ್ಣಾರೆ ನೋಡೇನಿ ಅಂದೀರಿ. ನೋಡೀರೇನ್ರಿ? ನೋಡಿದ್ರ ಹೇಳಿಬಿಡ್ರಿ. ತಪ್ಪು ನಂದ ಅಂತ ಒಪ್ಕೊಂಡು ಸುಮ್ನ ಇರ್ತೇನಿ" ಎಂದ.

ಇಲ್ಲ ಎನ್ನಬೇಕಿತ್ತು. ಎರಡೇ ಅಕ್ಷರ. ನನ್ನ ಕಣ್ಣಿನ ಮುಂದೆ ಗೂಟ ಬಂತು, ಇಂದಲ್ಲ ನಾಳೆ ಜೇಲಿನಿಂದ ಬರಲಿರುವ ಅವನ ಅಣ್ಣ ಬಂದ, ನಮ್ಮೂರ ಮಂದಿ ಬಂದರು, ಸಂತೆಯಲ್ಲಿ ನನ್ನ ದನಿ ಕೇಳಿ ನಗುವವರು ಬಂದರು. ಹೆದರಿಕೆಗೆ ನನ್ನ ನಾಲಿಗೆ ಎಷ್ಟು ಚುರುಕು ಎಂದು ಆ ದಿನ ತಿಳಿಯಿತು.

"ನೋಡೇನಿ" ಎಂದೆ.

ಅವನು ಎದ್ದು ನಿಂತ. ಆ ಮುರುಕು ಕೈಯನ್ನು ನಿಧಾನಕ್ಕೆ ತಲೆಯ ಮೇಲಕ್ಕೆ ಎತ್ತಿದ, ಔಟಾದ ಆಟಗಾರ ಎತ್ತುವ ಹಾಗೆ. ನನ್ನನ್ನು ನೋಡಲಿಲ್ಲ. ಚಪ್ಪಲಿ ಮೆಟ್ಟಿ ಬಸ್‌ಸ್ಟ್ಯಾಂಡಿನ ಕಡೆಗೆ ಹೋದ.

ಮುಂದಿನದನ್ನು ಕ್ಯಾಸೆಟ್ ಒಯ್ಯುವ ಕಂಡಕ್ಟರ್ ಹೇಳಿದ. ಜೇಲಿನಿಂದ ಬಂದ ಅಣ್ಣನ ಮುಂದೆ ತಮ್ಮ, ನಾನೇ ಔಟಾಗಿದ್ದೆ ಎಂದನಂತೆ. ಅಣ್ಣ ಎತ್ತಿನ ಬಾರಕೋಲು ತೆಗೆದುಕೊಂಡು ಅಂಗಳದಲ್ಲಿ, ಊರ ಮಂದಿಯ ಎದುರಿಗೆ, ಬೆನ್ನಿನ ಚರ್ಮ ಸುಲಿಯುವವರೆಗೆ ಹೊಡೆದನಂತೆ. "ನಿನ್ನ ಸುಳ್ಳಿಗೆ ನಾ ಎರಡ ಮಂದಿ ಎಲುಬ ಮುರಿದು ಜೇಲಿಗೆ ಹೋದೆ" ಎಂದನಂತೆ. ತಮ್ಮ ಹೊಡೆಸಿಕೊಂಡ. ಅಂಗಳದ ನಡುವೆ ಗೋಡೆ ಎದ್ದಿತು. ಮಾತು ನಿಂತಿತು.

ಇದನ್ನು ಕೇಳಿಯೂ ನಾನು ವರ್ಷಗಟ್ಟಲೆ ಸುಮ್ಮನಿದ್ದೆ. ಸುಮ್ಮನೂ ಅಲ್ಲ, ಕಾಮೆಂಟ್ರಿ ಹೇಳುತ್ತಲೇ ಇದ್ದೆ. ಸಣ್ಣ ಟಿವಿಯನ್ನು ಮಾತ್ರ ಟೇಬಲ್ಲಿನಿಂದ ಇಳಿಸಿದ್ದೆ. ಯಾಕೆ ಎಂದು ಮಾಲೀಕ ಕೇಳಿದರೆ ಕಣ್ಣು ಉರಿಯುತ್ತದೆ ಎನ್ನುತ್ತಿದ್ದೆ. ಆಮೇಲೆ ಮನೆ ಮನೆಯ ಮಾಳಿಗೆಯ ಮೇಲೆ ಡಿಶ್ ಬಂದವು, ನಮ್ಮ ಚಾನೆಲ್ ಮುಚ್ಚಿತು. ಮೈಕಿಲ್ಲದೆ ಮನೆಯಲ್ಲಿ ಕುಳಿತಾಗ ಎಲುಬಿನ ಆ ಸಪ್ಪಳ ಕಿವಿಯಲ್ಲಿ ಕೂತುಬಿಟ್ಟಿತು. ತಡೆಯಲಾಗಲಿಲ್ಲ. ಒಂದು ಮುಂಜಾನೆ ಬಸ್ಸು ಹತ್ತಿ ತಂಗಡಗಿಯಲ್ಲಿ ಇಳಿದು ಹೊಳೆಯ ದಂಡೆ ಹಿಡಿದು ನಡೆದೆ.

ಅವನು ಎಡಗೈಯಿಂದ ಉಳ್ಳಾಗಡ್ಡಿ ಕೀಳುತ್ತಿದ್ದ. ನಿಂತಲ್ಲೇ ಹೇಳಿದೆ. ನಾನು ಟಿವಿ ನೋಡುತ್ತಿದ್ದೆ, ನಿನ್ನನ್ನು ನೋಡಿಯೇ ಇರಲಿಲ್ಲ, ಆಫೀಸಿನಲ್ಲಿ ಹೇಳಿದ್ದೂ ಸುಳ್ಳು ಎಂದೆ. ಎಡಗೈಯಿಂದ ಒಂದು ಗುದ್ದಿದ, ನನ್ನ ಬಾಯಲ್ಲಿ ರಕ್ತ ಬಂತು. ಆಮೇಲೆ ಬಲಗೈಯಿಂದ ಗುದ್ದಿದ. ಅದು ಮುಷ್ಟಿಯೂ ಅಲ್ಲ, ಅಂಗೈಯೂ ಅಲ್ಲ, ಬರೀ ಎಲುಬು. ಅದೇ ಹೆಚ್ಚು ನೋಯಿತು. ನೆಲಕ್ಕೆ ಬಿದ್ದ ನನ್ನನ್ನು ಒದ್ದ. ಇನ್ನೂ ಒದೆಯಲಿ ಎಂದು ನಾನು ಕೈ ಅಡ್ಡ ಹಿಡಿಯಲಿಲ್ಲ.

"ಒಪ್ಕೊಂಡು ಆರಾಮ ಇದ್ನಲ್ಲೋ! ಈಗ್ಯಾಕ ಬಂದಿ?" ಎಂದು ಒದರಿದ. ಅವನು ಅಳುತ್ತಿದ್ದ. "ಟಿವ್ಯಾಗ ಅಂದಿ. ಟಿವ್ಯಾಗ ತಿರುಗಿ ಹೇಳು."

"ಟಿವಿ ಮುಚ್ಚೈತಿ" ಎಂದೆ.

ಕಾಲರು ಹಿಡಿದು ಊರೊಳಗೆ ಎಳೆದುಕೊಂಡು ಹೋದ. ಗೋಡೆಯ ಆಚೆ ಬದಿಯ ಅಂಗಳದಲ್ಲಿ ಅಣ್ಣ ಕೊಡಲಿಗೆ ಮರದ ಕಾವು ಹಾಕುತ್ತಿದ್ದ. ತಮ್ಮ ನನ್ನನ್ನು ಅವನ ಮುಂದೆ ದೂಡಿ, "ಇಲ್ಲಿ ಹೇಳು" ಎಂದ.

ಹೇಳಿದೆ. ಬಾಯಲ್ಲಿ ರಕ್ತ ತುಂಬಿ ಮಾತು ತೊದಲಿತು, ಆದರೂ ಒಂದನ್ನೂ ಬಿಡದೆ ಹೇಳಿದೆ. ಅಣ್ಣ ಕೊಡಲಿ ಹಿಡಿದೇ ಎದ್ದ. ಅದು ನನಗೇ ಎಂದುಕೊಂಡೆ. ಅವನು ನನ್ನ ಬಳಿ ಬಂದು, ನನ್ನನ್ನು ದಾಟಿ, ಕೊಡಲಿಯನ್ನು ಕಟ್ಟೆಯ ಮೇಲಿಟ್ಟು ತಮ್ಮನ ಮುಂದೆ ನಿಂತ. ತಮ್ಮನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ನಾನು ಕಣ್ಣು ಬೇರೆ ಕಡೆಗೆ ತಿರುಗಿಸದೆ ನೋಡುತ್ತ ನಿಂತೆ. ಅಣ್ಣ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ನೋಡಿದ, ಮೊದಲು ಕಿರುಬೆರಳು, ಆಮೇಲೆ ಅದರ ಪಕ್ಕದ್ದು. ಅವು ಬಿಚ್ಚಲಿಲ್ಲ.