ಎಡ ಭುಜದ ಅರ್ಧ ಇಂಚು

ಅದು ಹೊಸ ಬಟ್ಟೆ ಹೊಲಿಯುವ ಅಂಗಡಿಯಲ್ಲ. ರೆಡಿಮೇಡ್ ಕೊಂಡವರು, ಕೊಂಡದ್ದು ಮೈಗೆ ಕೂರದಿದ್ದಾಗ ಅಲ್ಲಿಗೆ ಬರುತ್ತಾರೆ. ಔಷಧದ ಅಂಗಡಿಗೂ ಬೀಗದ ಕೈ ಮಾಡುವವನ ಗೂಡಿಗೂ ನಡುವೆ, ರಸ್ತೆಯಿಂದ ಮೆಟ್ಟಿಲಿಳಿದು ಹೋಗಬೇಕಾದ ಕೋಣೆ. ಎರಡು ಹೊಲಿಗೆ ಮಿಷನ್ನು, ಒಂದು ಇಸ್ತ್ರಿ ಮೇಜು, ಆಳೆತ್ತರದ ಕನ್ನಡಿ, ಬಟ್ಟೆ ಬದಲಿಸಲು ಮೂಲೆಯಲ್ಲಿ ಒಂದು ಪರದೆ. ಮಿಷನ್ನಿನ ಮುಂದೆ ಕೂತವರಿಗೆ ಕಿಟಕಿಯಲ್ಲಿ ಕಾಣುವುದು ಹೋಗಿಬರುವವರ ಕಾಲುಗಳು ಮಾತ್ರ.

ಇಲ್ಲಿ ಕೆಲಸ ಮಾಡುವ ಹೆಂಗಸನ್ನು ಗಿರಾಕಿಗಳು ‘ಆಲ್ಟರೇಶನ್ ಅಕ್ಕ’ ಎನ್ನುತ್ತಾರೆ. ಮದುವೆಗೆ ಮುಂಚೆಯೇ ಈ ಅಂಗಡಿ ಸೇರಿದವಳು. ಕೆಲಸ ಕಲಿಸಿದ್ದು ಅಂಗಡಿಯ ಯಜಮಾನ, ಎಲ್ಲರ ಬಾಯಲ್ಲಿ ಮಾಸ್ಟರ್. ಊಟಕ್ಕೂ ಕೊರಳಲ್ಲಿ ಟೇಪು ಹಾಕಿಕೊಂಡೇ ಕೂರುವ ಮನುಷ್ಯ. ಸೂಜಿಗೆ ದಾರ ಪೋಣಿಸುವುದನ್ನು ನೋಡುವ ಮೊದಲೇ ಅವನು ಅವಳಿಗೊಂದು ನಿಯಮ ಹೇಳಿದ್ದ. ತಪ್ಪು ಯಾವತ್ತೂ ಬಟ್ಟೆಯದು, ಮೈಯದಲ್ಲ.

“ಹೊಟ್ಟೆ ಬಂದಿದೆ ಅಂತ ಗಿರಾಕಿಗೆ ಗೊತ್ತಿಲ್ವಾ? ಗೊತ್ತಿದೆ. ಅದನ್ನ ಕೇಳೋಕೆ ಅವನು ಇಲ್ಲಿಗೆ ಬರಲ್ಲ. ಒಗೆದಾಗ ಪ್ಯಾಂಟು ಕುಗ್ಗಿದೆ ಅಂತ ಹೇಳು, ನಾಳೆ ಇನ್ನೊಂದು ತರ್ತಾನೆ.”

“ಹೊಸದನ್ನೇ ತಂದ್ರೆ ಮಾಸ್ಟರೇ? ಒಗೆದೇ ಇಲ್ಲದ್ದು?”

“ಕಂಪನಿಯವರು ಅಳತೆ ಕದ್ದಿದ್ದಾರೆ ಅನ್ನು.”

ಅವಳು ಚೆನ್ನಾಗಿ ಕಲಿತಳು. ಒಂದು ಕಾಲು ಗಿಡ್ಡವಿದ್ದವರ ಪ್ಯಾಂಟು, ಕೂತು ಕೂತು ಬೆನ್ನು ಬಾಗಿದ ಗುಮಾಸ್ತರ ಕೋಟು, ಹೆರಿಗೆಯಾದ ಮೇಲೆ ಹಳೆಯ ರವಿಕೆಯನ್ನು ಬಿಡಲಾರದ ಹೆಂಗಸರು, ಎಲ್ಲರೂ ಅವಳ ಕೈ ಕೆಳಗೆ ಹಾದುಹೋದರು. ಏನಾಗಿದೆ ಎಂದು ಅವಳು ಯಾರನ್ನೂ ಕೇಳುತ್ತಿರಲಿಲ್ಲ. ಕನ್ನಡಿಯ ಮುಂದೆ ನಿಲ್ಲಿಸಿ, ಒಮ್ಮೆ ಸುತ್ತು ಬಂದು, ಎಲ್ಲಿ ಬಿಡಬೇಕೋ ಅಲ್ಲಿ ಬಿಟ್ಟು, ಎಲ್ಲಿ ಹಿಡಿಯಬೇಕೋ ಅಲ್ಲಿ ಹಿಡಿಯುತ್ತಿದ್ದಳು. ಬಂದವರು ಎದೆ ಎತ್ತಿಕೊಂಡು ಮೆಟ್ಟಿಲು ಹತ್ತುತ್ತಿದ್ದರು.

ಮನೆಯಲ್ಲಿ ಅವಳದೇ ಒಂದು ಕಾಲ್ತುಳಿತದ ಮಿಷನ್ನಿದೆ, ಮುಂದಿನ ಕೋಣೆಯ ಕಿಟಕಿಯ ಪಕ್ಕ. ಮನೆಯೆಂದರೆ ಎರಡು ಕೋಣೆ, ಒಂದು ಅಡುಗೆಮನೆ. ಗಂಡ ನಗರ ಸಾರಿಗೆಯ ಬಸ್ಸು ಓಡಿಸುತ್ತಾನೆ. ಒಬ್ಬಳೇ ಮಗಳು. ಹುಟ್ಟಿದಾಗ ಅವಳನ್ನು ಕೈಗೆತ್ತಿಕೊಂಡು “ಏನೇ ಇದು, ಚೋಟುದ್ದ ಇದ್ದಾಳೆ!” ಎಂದು ಅಪ್ಪ ಅಂದದ್ದು ಅಂಟಿಕೊಂಡು ಚೋಟು ಎಂಬುದೇ ಹೆಸರಾಯಿತು. ಹತ್ತು ತುಂಬುವ ಹೊತ್ತಿಗೆ ಚೋಟು ಅಮ್ಮನ ಹೆಗಲು ಮುಟ್ಟಿದ್ದಳು, ಹೆಸರು ಮಾತ್ರ ಬೆಳೆಯಲಿಲ್ಲ.

ಅವಳು ತೊಡುತ್ತಿದ್ದುದೆಲ್ಲ ಅಮ್ಮನ ಹೊಲಿಗೆಯೇ. ಬಟ್ಟೆಯಂಗಡಿಯಲ್ಲಿ ಥಾನು ಮುಗಿದಾಗ ಉಳಿಯುವ ತುಂಡುಗಳನ್ನು ಆರಿಸಿ ತಂದು, ಹೊಂದಿಸಿ, ಫ್ರಾಕು, ಲಂಗ, ಶಾಲೆಯ ಶರ್ಟು ಹೊಲಿಯುತ್ತಿದ್ದಳು. ಅಳತೆ ನೋಡುವುದು ರಜೆಯ ದಿನ ಬೆಳಿಗ್ಗೆ. ಮಗಳು ಸ್ಟೂಲಿನ ಮೇಲೆ, ಅಮ್ಮ ಅದರ ಸುತ್ತ.

“ಅಲ್ಲಾಡಬೇಡ ಕಣೇ, ಗುಂಡುಸೂಜಿ ಚುಚ್ಚುತ್ತೆ.”

“ಉಸಿರಾಡಿದ್ರೂ ಅಲ್ಲಾಡ್ತೀಯ ಅಂತೀಯಲ್ಲ.”

“ಸ್ವಲ್ಪ ಹೊತ್ತು ಉಸಿರಾಡಬೇಡ, ಏನು ಗಂಟು ಹೋಗುತ್ತೆ?”

ಬಾಗಿಲಲ್ಲಿ ನಿಂತ ಅಪ್ಪ ಕೂಗುತ್ತಿದ್ದ: “ನನ್ನ ಯೂನಿಫಾರ್ಮಿಗೆ ಗುಂಡಿ ಹಾಕಿಸಿಕೊಳ್ಳೋಕೆ ನಾನೂ ಸ್ಟೂಲ್ ಹತ್ತಬೇಕೇನು?”

ಹತ್ತನೆಯ ವರ್ಷದಲ್ಲಿ ನೀಲಿಯ ಮೇಲೆ ಬಿಳಿ ಚುಕ್ಕಿಯಿದ್ದ ಒಂದು ಫ್ರಾಕು ಹೊಲಿದಳು. ತೊಡಿಸಿ ನೋಡಿದರೆ ಕೆಳಗಿನ ಅಂಚು ಎಡಗಡೆ ಒಂದಿಷ್ಟು ಇಳಿದಿತ್ತು. ಕತ್ತರಿಸುವಾಗ ಬಟ್ಟೆ ಜಾರಿರಬೇಕೆಂದುಕೊಂಡಳು. ಇಷ್ಟು ವರ್ಷದ ಕೈ ಹೀಗೆ ತಪ್ಪುವುದೇ ಎಂದು ತನ್ನನ್ನೇ ಬೈದುಕೊಂಡು, ಎಡಗಡೆಯ ಮಡಿಕೆಯನ್ನು ಸ್ವಲ್ಪ ಹೆಚ್ಚು ಮಡಚಿದಳು. ಅಂಚು ಸಮವಾಯಿತು.

ಮುಂದಿನದು ಹಳದಿ ಫ್ರಾಕು. ಈ ಸಲ ಮೈಯೆಲ್ಲ ಕಣ್ಣಾಗಿ ಕತ್ತರಿಸಿದಳು. ಆದರೂ ಇಳಿಯಿತು. ಎಳೆತ ಅಂಚಿನಲ್ಲಲ್ಲ, ಮೇಲೆ ಭುಜದಲ್ಲಿದೆ ಎಂದು ಕೈಗೆ ತಿಳಿಯಿತು. ಎಡ ಭುಜದ ಹೊಲಿಗೆ ಬಿಚ್ಚಿ, ಒಂದಿಷ್ಟು ಒಳಗೆ ಹಿಡಿದು ಮತ್ತೆ ಹೊಲಿದಳು. ಅಂಗಡಿಯಲ್ಲಿ ದಿನಬೆಳಗಾದರೆ ಮಾಡುವ ಕೆಲಸವೇ ಅದು. ಯೋಚಿಸುವ ಅಗತ್ಯವೇ ಬೀಳಲಿಲ್ಲ. ಶಾಲೆಯ ಶರ್ಟಿನ ಹೊತ್ತಿಗೆ ಎಡ ಭುಜದೊಳಗೆ ಬಟ್ಟೆಯ ಮಡಿಕೆಯೊಂದನ್ನು ಇಟ್ಟು ಅರ್ಧ ಇಂಚು ಎತ್ತರಿಸಿದಳು. ಆಮೇಲೆ ಬಲಗಡೆ ಬೆನ್ನಿನ ಮೇಲೆ ಬಟ್ಟೆ ಬಿಗಿಯುತ್ತಿದೆಯೆಂದು ಹಿಂದೆ ನೆರಿಗೆ ಕೊಟ್ಟು, ಮೇಲೊಂದು ಅಗಲವಾದ ಕಾಲರು ಹಾಕಿದಳು. “ಪುಸ್ತಕದ ಚೀಲನ ಒಂದೇ ಹೆಗಲಿಗೆ ನೇತು ಹಾಕ್ಕೊಂಡು ಓಡಾಡ್ತೀಯ, ನೆಟ್ಟಗೆ ನಿಲ್ಲು,” ಎಂದು ಗದರುತ್ತಿದ್ದಳು. ಹುಡುಗಿ ನೆಟ್ಟಗೆ ನಿಲ್ಲುತ್ತಿದ್ದಳು. ಅಲ್ಲಿಗೆ ಆ ಮಾತು ಮುಗಿಯುತ್ತಿತ್ತು.

ಪಕ್ಕದ ಮನೆಯಾಕೆ ಚೋಟುವನ್ನು ನೋಡಿದಾಗಲೆಲ್ಲ “ಅಚ್ಚು ಹೊಯ್ದ ಹಾಗೆ ಹೊಲೀತೀರಿ ಕಣ್ರೀ” ಎನ್ನುವಳು. ಅಕ್ಕನಿಗೆ ಒಳಗೊಳಗೇ ಹಿಗ್ಗು.

ಹದಿಮೂರಕ್ಕೆ ಚೋಟು ಶಾಲೆಯ ಓಟದ ತಂಡ ಸೇರಿದಳು. ತಂಡದವರಿಗೆ ಶಾಲೆಯೇ ಟೀ ಶರ್ಟು ಕೊಟ್ಟಿತು, ಎದೆಗೂ ಬೆನ್ನಿಗೂ ಅಡ್ಡ ಪಟ್ಟೆಯಿದ್ದದ್ದು. ಅಮ್ಮನ ಕೈ ಸೋಕದ ಬಟ್ಟೆಯನ್ನು ಅವಳು ತೊಟ್ಟದ್ದು ಅದೇ ಮೊದಲು. ಮೈದಾನದ ಅಂಚಿನಲ್ಲಿ ನಿಂತಿದ್ದ ಆಟದ ಟೀಚರಿಗೆ, ಮುಂದೆ ಓಡುತ್ತಿದ್ದ ಹುಡುಗಿಯ ಬೆನ್ನಿನ ಪಟ್ಟೆಗಳು ಎಡದಿಂದ ಬಲಕ್ಕೆ ಏರುತ್ತಿರುವುದು ಕಂಡಿತು. ಕರೆದು, ಮುಂದಕ್ಕೆ ಬಾಗಿ ಕಾಲ್ಬೆರಳು ಮುಟ್ಟಲು ಹೇಳಿದರು. ಬಲಗಡೆಯ ಬೆನ್ನು ಉಬ್ಬಿ ಮೇಲೆದ್ದಿತು. ಅದರ ಮೇಲೆ ಅಂಗೈ ಇಟ್ಟು ನೋಡಿ, “ನಾಳೆ ನಿಮ್ಮ ಅಮ್ಮನ್ನ ಕರ್ಕೊಂಡು ಬಾ,” ಎಂದರು.

ಮೂಳೆ ಡಾಕ್ಟರ ಕೋಣೆಯಲ್ಲಿ ಎಕ್ಸ್‌ರೇಯನ್ನು ಬೆಳಕಿನ ಹಲಗೆಗೆ ಸಿಕ್ಕಿಸಿದ್ದರು. ಬೆನ್ನೆಲುಬು ನಡುವೆ ಬಲಕ್ಕೆ ವಾಲಿ, ಕೆಳಗೆ ಎಡಕ್ಕೆ ಮರಳಿತ್ತು. ಡಾಕ್ಟರು ಎಲ್ಲರನ್ನೂ ಕೇಳುವ ಪ್ರಶ್ನೆಯನ್ನೇ ಕೇಳಿದರು.

“ಯಾವಾಗಿಂದ ಹೀಗಿದೆ? ಮನೇಲಿ ಯಾರಿಗೂ ಗೊತ್ತಾಗ್ಲಿಲ್ವಾ?”

“ಇಲ್ಲ ಡಾಕ್ಟ್ರೇ,” ಎಂದ ಗಂಡ. “ಮೊನ್ನೆ ಆಟದ ಟೀಚರ್ ಹೇಳೋವರೆಗೂ ನಮಗೆ…”

“ಹತ್ತನೇ ವರ್ಷದಿಂದ,” ಎಂದಳು ಅಕ್ಕ.

ಗಂಡ ತಿರುಗಿ ನೋಡಿದ.

“ಚುಕ್ಕಿ ಫ್ರಾಕಲ್ಲಿ ಎಡಗಡೆ ಕಾಲಿಂಚು ಇಳೀತು. ಹಳದೀದರಲ್ಲಿ ಇನ್ನೊಂಚೂರು. ಸ್ಕೂಲ್ ಶರ್ಟಿಗೆ ಅರ್ಧ ಇಂಚು ಬಟ್ಟೆ ಇಟ್ಟೆ. ಆಮೇಲೆ ಬೆನ್ನಿಗೆ ನೆರಿಗೆ ಕೊಟ್ಟೆ.”

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. “ಅಂದ್ರೆ ನಿಮಗೆ ಗೊತ್ತಿತ್ತು.”

“ಕತ್ತರಿಸೋದ್ರಲ್ಲಿ ನನ್ನದೇ ತಪ್ಪಾಗಿದೆ ಅಂದ್ಕೊಂಡೆ.”

ಅವರು ಬೈಯಲಿಲ್ಲ. ವಿಷಯವನ್ನು ಬಿಡಿಸಿ ಹೇಳಿದರು. ಮೂಳೆ ಬೆಳೆಯುತ್ತಿರುವಾಗ ಸಿಕ್ಕಿದರೆ ಮೈಗೆ ಬಿಗಿಯಾದ ಬೆಲ್ಟು ಹಾಕಿಸಿ ವಾಲುವುದನ್ನು ಎಷ್ಟೋ ಮಕ್ಕಳಲ್ಲಿ ತಡೆಯಬಹುದು. ಇವಳ ಬೆಳವಣಿಗೆ ಹೆಚ್ಚುಕಮ್ಮಿ ಮುಗಿದಿದೆ, ಈಗ ಬೆಲ್ಟಿನಿಂದ ಅಷ್ಟೇನೂ ಪ್ರಯೋಜನವಿಲ್ಲ. ಆರು ತಿಂಗಳು ನೋಡೋಣ. ಇದ್ದಷ್ಟೇ ಇದ್ದರೆ ಬಿಟ್ಟುಬಿಡಬಹುದು. ಹೆಚ್ಚಾದರೆ ಆಪರೇಷನ್, ಬೆನ್ನು ತೆರೆದು, ಎಲುಬಿನ ಪಕ್ಕಕ್ಕೆ ಲೋಹದ ಸರಳು ಕೂರಿಸಿ, ತಿರುಪು ಹಾಕಿ ಬಿಗಿಯಬೇಕು.

ಚೋಟು ಬಾಯಿಬಿಟ್ಟದ್ದು ಒಂದೇ ಸಲ. “ಆಪರೇಷನ್ ಆದ್ಮೇಲೆ ಓಡಬಹುದಾ?”

“ಒಂದು ವರ್ಷ ಬೇಡ. ಆಮೇಲೆ ನೋಡೋಣ. ಬೆನ್ನು ಮೊದಲಿನ ಹಾಗೆ ಬಗ್ಗಲ್ಲಮ್ಮ.”

ಮನೆಗೆ ಬರುವಾಗ ಬಸ್ಸಿನಲ್ಲಿ ಮಗಳು ಕಿಟಕಿಯ ಪಕ್ಕ ಕೂತಿದ್ದಳು. ಗಂಡ ಕಂಬಿ ಹಿಡಿದು ನಿಂತವನು, ಹೆಂಡತಿಗೆ ಮಾತ್ರ ಕೇಳುವಂತೆ ಅಂದ: “ಒಂದು ನೂಲು ಏರುಪೇರಾದ್ರೂ ನಿನ್ನ ಕಣ್ಣಿಗೆ ಬೀಳುತ್ತೆ ಅಂತಾರೆ ಜನ.” ಆ ಮಾತನ್ನು ಅವನು ಮುಂದುವರಿಸಲಿಲ್ಲ, ಮತ್ತೆಂದೂ ಎತ್ತಲೂ ಇಲ್ಲ.

ಮಾಸ್ಟರಿಗೆ ಎರಡು ದಿನ ಬಿಟ್ಟು ಹೇಳಿದಳು. ಅವನು ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡ.

“ಆ ನಿಯಮ ಗಿರಾಕಿಗಳಿಗೆ ಕಣಮ್ಮಾ. ಮಗಳಿಗಲ್ಲ.”

“ಅದನ್ನ ನೀವು ಹೇಳಿರ್ಲಿಲ್ಲ ಮಾಸ್ಟರೇ.”

ಮಾಸ್ಟರ್ ಕೊರಳಿನ ಟೇಪು ತೆಗೆದು ಸುರುಳಿ ಸುತ್ತಿದ. ಎಲ್ಲಿಡಬೇಕೆಂದು ತೋಚದೆ ಮತ್ತೆ ಕೊರಳಿಗೇ ಹಾಕಿಕೊಂಡ.

ಮನೆಯ ಮಿಷನ್ನಿನ ಮೇಲೆ ಅಕ್ಕ ಹಳೆಯ ದುಪ್ಪಟಿ ಹೊದಿಸಿದಳು. ಮಗಳಿಗೆ ಅಂಗಡಿಯ ಬಟ್ಟೆ ತಂದಳು. ಅವುಗಳಲ್ಲಿ ಎಲ್ಲವೂ ಕಂಡಿತು. ಕತ್ತಿನ ಪಟ್ಟಿ ಎಡಕ್ಕೆ ಜಾರುತ್ತಿತ್ತು, ಅಂಚು ಓರೆ ನಿಲ್ಲುತ್ತಿತ್ತು, ಬಲಗಡೆ ಬೆನ್ನಿನ ಮೂಳೆ ಬಟ್ಟೆಯನ್ನು ಹೊರಗೆ ತಳ್ಳುತ್ತಿತ್ತು. ಒಂದು ಸಂಜೆ ಚೋಟು ಶಾಲೆಯಿಂದ ನಗುತ್ತಲೇ ಬಂದಳು.

“ಅಮ್ಮಾ, ನಂಗೆ ಹೊಸ ಹೆಸರಿಟ್ಟಿದ್ದಾರೆ ಗೊತ್ತಾ? ಇಳಿಜಾರು. ಇಳಿಜಾರು ಬಂತು, ಬ್ರೇಕ್ ಹಾಕ್ರೋ ಅಂತಾರೆ. ಅಪ್ಪಂಗೆ ಹೇಳ್ಬೇಕು, ಅಪ್ಪಂಗೆ ಇಷ್ಟ ಆಗುತ್ತೆ…” ನಗು ಅಲ್ಲಿಗೇ ನಿಂತಿತು. ಚೀಲ ಕೆಳಗಿಟ್ಟಳು. “ನೀನೇ ಹೊಲಿದು ಕೊಡಮ್ಮ.”

“ಅಂಗಡೀದೇ ಹಾಕ್ಕೋ. ಚೆನ್ನಾಗಿದೆ.”

“ಚೆನ್ನಾಗಿಲ್ಲ. ನಿಂಗೂ ಗೊತ್ತು.”

“ನಾನು ಮುಚ್ಚಿದ್ದಕ್ಕೇ ಹೀಗಾಗಿದ್ದು ಚೋಟು.”

“ಆಗ ನಮಗೆ ಗೊತ್ತಿರ್ಲಿಲ್ಲ. ಈಗ ಗೊತ್ತಲ್ಲ. ಬೇರೆಯವರಿಗೆ ಯಾಕೆ ಗೊತ್ತಾಗ್ಬೇಕು?”

ಅಮ್ಮ ಮಿಷನ್ನಿನ ಮೇಲಿನ ದುಪ್ಪಟಿ ತೆಗೆದಳು. ಆದರೆ ಒಂದು ಕರಾರು ಹಾಕಿದಳು. ಬಟ್ಟೆಗೆ ಅಳತೆ ತೆಗೆಯುವ ಮೊದಲು ಮಗಳು ಬರಿಬೆನ್ನಿನಲ್ಲಿ, ಹಗಲು ಬೆಳಕಿನಲ್ಲಿ ಮುಂದಕ್ಕೆ ಬಾಗಬೇಕು. ಆಮೇಲೆ ನೆಟ್ಟಗೆ ನಿಲ್ಲಬೇಕು, ಅಮ್ಮ ಪಾದದಿಂದ ಎರಡೂ ಭುಜಗಳ ಎತ್ತರ ಅಳೆದು ಅಂತರ ಎಷ್ಟೆಂದು ಬಾಯಿಬಿಟ್ಟು ಹೇಳಬೇಕು. ಹಾಗೇ ನಡೆಯಿತು. ಒಂದು ಲಂಗ, ಎರಡು ಶರ್ಟು, ಒಂದು ಉದ್ದನೆಯ ಅಂಗಿ. ಪ್ರತಿ ಸಲವೂ “ಎಷ್ಟಮ್ಮ?” ಎಂದರೆ “ಮೊದಲಿನಷ್ಟೇ.” ಚೋಟು ಸ್ಟೂಲಿನಿಂದ ಧಡಕ್ಕನೆ ಹಾರುತ್ತಿದ್ದಳು. ಕೆಳಗಿನ ಮನೆಯವರು ಸೌಟಿನಿಂದ ಸೂರು ಬಡಿಯುತ್ತಿದ್ದರು.

ಡಾಕ್ಟರು ಬರಹೇಳಿದ್ದ ದಿನಕ್ಕೆ ಇನ್ನೊಂದು ವಾರವಿರುವಾಗ ಹಸಿರು ಬಟ್ಟೆಯೊಂದು ಸಿಕ್ಕಿತು. ತುಂಡಲ್ಲ, ಒಂದು ಪೂರ್ತಿ ಅಂಗಿಗೆ ಸಾಕಾಗುವಷ್ಟು. ರಜೆಯ ಬೆಳಿಗ್ಗೆ ಮಗಳು ಸ್ಟೂಲು ಹತ್ತಿದಳು, ಬಾಗಿದಳು, ಎದ್ದು ನಿಂತಳು. ಅಮ್ಮ ಬಲ ಭುಜ ಅಳೆದಳು, ಎಡ ಭುಜ ಅಳೆದಳು. ಮತ್ತೊಮ್ಮೆ ಅಳೆದಳು. ಬಗ್ಗಿ ಸ್ಟೂಲಿನ ಕಾಲುಗಳನ್ನು ಅಲ್ಲಾಡಿಸಿ ನೋಡಿದಳು. ಮಗಳನ್ನು ಇಳಿಸಿ, ನೆಲದ ಮೇಲೆ ನಿಲ್ಲಿಸಿ ಅಳೆದಳು. ಎದ್ದುಹೋಗಿ ಡಬ್ಬಿಯಿಂದ ಬೇರೆ ಟೇಪು ತಂದಳು.

“ಎಷ್ಟು?”

ಅಮ್ಮ ಟೇಪನ್ನು ಬೆರಳಿಗೆ ಸುತ್ತುತ್ತಿದ್ದಳು.

“ಹೇಳ್ತೀನಿ ಅಂತ ನೀನೇ ಅಲ್ವಾ ಅಂದಿದ್ದು? ಹೇಳಮ್ಮ.”

“ಕಾಲಿಂಚು ಜಾಸ್ತಿ.”

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಅಪ್ಪ ನಲ್ಲಿ ನಿಲ್ಲಿಸಿದ.

“ಸರಿಯಾಗಿ ನೋಡ್ದ್ಯಾ?” ಎಂದ ಅಲ್ಲಿಂದಲೇ.

“ನೋಡ್ದೆ.”

ಚೋಟು ಸ್ಟೂಲಿನ ಮೇಲೆ ಕೂತಳು. ಟವೆಲನ್ನು ಹೆಗಲ ಸುತ್ತ ಎಳೆದುಕೊಂಡಳು. “ಹಾಗಾದ್ರೆ ಆಪರೇಷನ್ನೇ.”

“ಅವರು ಎಕ್ಸ್‌ರೇ ತೆಗೀತಾರೆ. ಅವರು ನೋಡಿ ಹೇಳ್ಲಿ.”

“ಎಕ್ಸ್‌ರೇಗಿಂತ ಮೊದಲು ನಿನ್ನ ಟೇಪಿಗೇ ಗೊತ್ತಾಗೋದು.” ಚುಚ್ಚಬೇಕೆಂದು ಆಡಿದ ಮಾತಲ್ಲ ಅದು. ಅಮ್ಮ ಮಾತ್ರ ಮುಖ ತಿರುಗಿಸಿ ಹಸಿರು ಬಟ್ಟೆಯನ್ನು ಮಡಚತೊಡಗಿದಳು.

“ಯಾಕೆ ಎತ್ತಿಡ್ತೀಯ?”

“ಆಪರೇಷನ್ ಆದ್ರೆ ಅಳತೆಯೆಲ್ಲ ಬದಲಾಗುತ್ತೆ. ಆಮೇಲೆ ಹೊಲೀತೀನಿ.”

“ಮತ್ತೆ ಆಸ್ಪತ್ರೆಗೆ ಏನು ಹಾಕ್ಕೊಂಡು ಹೋಗ್ಲಿ?”

“ಇರೋದ್ರಲ್ಲೇ ಯಾವುದಾದ್ರೂ ಒಂದು. ಡಾಕ್ಟ್ರ ಮುಂದೆ ಮುಚ್ಚೋದೇನಿದೆ?”

“ಡಾಕ್ಟ್ರ ಮುಂದೆ ಹೇಗೂ ತೆಗೀತೀನಿ,” ಎಂದಳು ಮಗಳು. “ಬಸ್ಸಲ್ಲಿ ಜನ ಇರ್ತಾರಲ್ಲಮ್ಮ.”

ಅಮ್ಮ ಮಡಚಿದ್ದನ್ನು ಬಿಚ್ಚಿ ನೆಲದ ಮೇಲೆ ಹಾಸಿದಳು. ಅಂಗೈಯಿಂದ ಸುಕ್ಕು ತೀಡಿದಳು. ಸೀಮೆಸುಣ್ಣ ತೆಗೆದುಕೊಂಡು ಬಲ ಭುಜಕ್ಕೆ ಗುರುತು ಹಾಕಿದಳು. ಎಡ ಭುಜಕ್ಕೆ ಬಂದಾಗ ಹಳೆಯ ಅಳತೆಗಿಂತ ಕಾಲಿಂಚು ಕೆಳಗೆ ಗೆರೆ ಎಳೆದು, ಕತ್ತರಿ ಎತ್ತಿಕೊಂಡಳು.

“ಹಿಂದೆ ನೆರಿಗೆ ಸ್ವಲ್ಪ ಜಾಸ್ತಿ ಇಡು,” ಎಂದಳು ಚೋಟು.

“ಇಡ್ತೀನಿ.”