ಮೊದಲೇ ಬರೆದ ನಡಾವಳಿ
ಎಪ್ಪತ್ತರ ದಶಕದಲ್ಲಿ ನಾನು ಕಡೂರಿನ ಕೊಬ್ಬರಿ ವರ್ತಕರ ಸಂಘವೊಂದರ ಗುಮಾಸ್ತ. ಊರಿಗೆ ನಾರಿನ ಕಾರ್ಖಾನೆ ತರಲೆಂದು ವರ್ತಕರು, ತಹಸೀಲ್ದಾರರು, ಹಮಾಲರ ಮೇಸ್ತ್ರಿ ತಿಂಗಳಿಗೊಮ್ಮೆ ಸೇರುತ್ತಿದ್ದರು. ನಡಾವಳಿಯನ್ನು ಹಿಂದಿನ ದಿನವೇ ಬರೆದಿಡುವುದು ನಮ್ಮ ಘನಂದಾರಿ ಪದ್ಧತಿ. ‘ಹಮಾಲರ ಪರವಾಗಿ ಮೇಸ್ತ್ರಿ ಒಪ್ಪಿದರು’ ಎಂಬುದೇ ಅದರ ಕೊನೆಯ ಸಾಲು.

ಒಮ್ಮೆ ಸಭೆಯ ದಿನ ಬೆಳಿಗ್ಗೆಯೇ ಆ ಮೇಸ್ತ್ರಿ ಕುಸಿದ ಮೂಟೆಗಳಡಿ ಸಿಕ್ಕಿ ಸತ್ತ. ನಾನು ಆ ಕೊನೆಯ ಸಾಲು ಹೊಡೆದುಹಾಕಲು ಹೋದೆ.

“ಇರ್ಲಿ ಬಿಡ್ರೀ, ಬದುಕಿದ್ರೆ ಒಪ್ತಿರ್ಲಿಲ್ವೇ?” ಎಂದರು ಅಧ್ಯಕ್ಷರು.

ವಾಡಿಕೆಯಂತೆ ಅವನ ಖಾಲಿ ಕುರ್ಚಿಯ ಮುಂದೂ ಕಾಫಿ ಇಟ್ಟರು. ಸಭೆ ಮುಗಿದು ಎದ್ದಾಗ ಆ ಲೋಟ ಬರಿದಾಗಿತ್ತು. ನಾನು ನಡಾವಳಿ ಪುಸ್ತಕ ಮುಚ್ಚಿ ಕಪಾಟಿನಲ್ಲಿಟ್ಟೆ.

ಹೊಸ ಮೇಸ್ತ್ರಿ ಬರುವವರೆಗೆ ಇನ್ನೂ ಮೂರು ಸಭೆ ನಡೆದವು. ಮೂರರಲ್ಲೂ ಸತ್ತವನು ಒಪ್ಪಿದ, ನನ್ನದೇ ಅಕ್ಷರದಲ್ಲಿ.