ಹೆಗಲಿಗೆ ಬಂದ ರೆಗ್ಯುಲೇಟರ್

ಸಕಲೇಶಪುರದ ಬಸ್ ಸ್ಟ್ಯಾಂಡ್ ಹಿಂದಿನ ಗಲ್ಲಿಯಲ್ಲಿ ಕುಬ್ರಾಳ ರಿಪೇರಿ ಅಂಗಡಿ ಎಲ್ಲಿ ಎಂದು ಕೇಳಿದರೆ, "ಆ ಹಟಮಾರಿ ಹೆಂಗಸಿಂದಾ?" ಎನ್ನುತ್ತಲೇ ಜನ ದಾರಿ ತೋರಿಸುತ್ತಾರೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ಅವಳು. ಗಂಡ ಹಬೀಬ್ ರೇಡಿಯೋ ರಿಪೇರಿಯವರು. ಅವರ ಕೈ ನಡುಗಲು ಶುರುವಾದ ಮೇಲೆ, ಅವರು ಸ್ಟೂಲಿನ ಮೇಲೆ ಕೂತು ಹೇಳುವುದು, ಇವಳು ಬೆಸುಗೆ ಹಾಕುವುದು ಎಂದಾಯಿತು. ಎರಡು ವರ್ಷ ಕಳೆಯುವುದರೊಳಗೆ ಹೇಳುವವರ ಮಾತು ಕಡಿಮೆಯಾಗಿ, ಬೆಸುಗೆ ಹಾಕುವವಳ ಮಾತು ಜಾಸ್ತಿಯಾಗಿತ್ತು.

ದೋಣಿಗಲ್ಲಿನ ಒಂದು ಎಸ್ಟೇಟಿನಲ್ಲಿ ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರುಗಳು ಅವಳ ಹತ್ತಿರವೇ ಬರುತ್ತಿದ್ದವು. ಒಂದು ದಿನ ಅಲ್ಲಿಯ ಕೂಲಿ ಲೈನಿನ ಹುಲಿಯಮ್ಮ ತನ್ನ ಸ್ಪ್ರೇಯರನ್ನು ತಂದು ಮೇಜಿನ ಮೇಲೆ ಕುಕ್ಕಿದಳು.

"ಕುಬ್ರಕ್ಕಾ, ಈ ರೆಗ್ಯುಲೇಟರು ಬೆನ್ನಿನ ಹಿಂದೆ ಐತೆ. ಮೆಣಸಿನ ಬಳ್ಳಿ ತುದಿಗೆ ಜೋರಾಗಿ ಹೊಡೀಬೇಕು, ಬುಡಕ್ಕೆ ನಿಧಾನ. ಪ್ರತೀ ಸಲ ಹದಿನಾರು ಲೀಟ್ರು ಕೆಳಗಿಳಿಸಿ ತಿರುಗಿಸ್ಲಾ? ಇಳಿಜಾರಲ್ಲಿ ಕೈ ಹಿಂದಕ್ಕೆ ಚಾಚಕ್ಕೋಗಿ ಮೊನ್ನೆ ಉರುಳ್ಬುಟ್ಟೆ!"

ತರಚಿದ ಅವಳ ಮೊಣಕೈ ನೋಡಿ ಕುಬ್ರಾ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡಳು. ರೆಗ್ಯುಲೇಟರಿನ ಪುಟ್ಟ ಬೋರ್ಡನ್ನು ಬಿಚ್ಚಿ ಹೆಗಲ ಪಟ್ಟಿಗೆ ಕಟ್ಟಿದಳು. ಮೋಟಾರಿಗೆ ಕರೆಂಟು ಬಿಟ್ಟು ನಿಲ್ಲಿಸುವ ಮಾಸ್ಫೆಟ್ ಎಂಬ ಮೂರು ಕಾಲಿನ ಬಿಲ್ಲೆ ಮಾತ್ರ ಹಿಂದೆ, ಮೋಟಾರಿನ ಪಕ್ಕದಲ್ಲೇ ಉಳಿಯಿತು. ಎರಡರ ನಡುವೆ ಎರಡು ಮೊಳ ತಂತಿ. ಎಸ್ಟೇಟಿನ ಐದು ಸ್ಪ್ರೇಯರಿಗೂ ಹಾಗೇ ಮಾಡಿಕೊಟ್ಟಳು. ಲೈನಿನ ಹೆಂಗಸರು ಬಾಯ್ತುಂಬ ಹೊಗಳಿದರು. ವಾರದೊಳಗೆ ಮೂರು ಮಾಸ್ಫೆಟ್ ಸುಟ್ಟುಹೋದವು.

ಎಸ್ಟೇಟಿನ ಲೆಕ್ಕಪತ್ರ ನೋಡುವ ರೈಟರ್ ಕುಮಾರ್ ಐದನ್ನೂ ಜೀಪಿಗೆ ಹೇರಿಕೊಂಡು ಬಂದ.

"ಕುಬ್ರಮ್ಮಾ, ಕಂಪ್ನಿಯೋರು ಇಟ್ಟ ಜಾಗಕ್ಕೇ ವಾಪಸ್ ಇಟ್ಕೊಡಿ, ಶನಿವಾರದೊಳಗೆ. ಇಲ್ದಿದ್ರೆ ಎಲ್ಲಾನೂ ಹಾಸನದ ಕಂಪ್ನಿ ಸರ್ವಿಸ್ ಸೆಂಟರಿಗೆ ಕಳಿಸ್ಬಿಡ್ತೀನಿ. ಆಮೇಲೆ ನಮ್ಮ ಸ್ಟೋರಿಂದ ಒಂದು ಸ್ಕ್ರೂನೂ ನಿಮ್ಮಂಗ್ಡಿಗೆ ಬರಲ್ಲ. ಕಂಪ್ನಿಯೋರಿಗೆ ಗೊತ್ತಿಲ್ದಿದ್ದು ನಿಮ್ಗೆ ಗೊತ್ತಾ?"

"ಗೊತ್ತಿಲ್ಲ ರೈಟ್ರೇ. ಅದಕ್ಕೇ ಬಿಚ್ಚಿ ನೋಡ್ತಾ ಇದ್ದೀನಿ."

ಅವನು ಹೋದ ಮೇಲೆ ಹಬೀಬ್ ಮೆಲ್ಲಗೆ ಹೇಳಿದರು, "ವಾಪಸ್ ಇಟ್ಟುಬಿಡು. ಸುಟ್ಟಿದ್ದು ನಿನ್ನ ತಂತಿಯಿಂದ್ಲೇ."

"ನಂಗೂ ಗೊತ್ತು. ತಂತಿ ಅಲ್ಲೇ ಇರುತ್ತೆ. ಸುಡೋದು ನಿಲ್ಬೇಕು, ಅಷ್ಟೆ."

ಮೂಲೆಯಲ್ಲಿ ಹಳೇ ಎಲೆಕ್ಟ್ರಿಕ್ ಆಟೋದ ಕಂಟ್ರೋಲರ್ ಬಿದ್ದಿತ್ತು. ಅದನ್ನು ಬಿಚ್ಚಿದಳು. ಒಳಗೆ ಸಾಲಾಗಿ ಮಾಸ್ಫೆಟ್‌ಗಳು. ಒಂದೊಂದರ ಗೇಟಿನ ಕಾಲಿಗೂ, ಅಂದರೆ ತೆರೆ, ಮುಚ್ಚು ಎಂದು ಅಪ್ಪಣೆ ಹೋಗುವ ಕಾಲಿಗೂ, ಕರೆಂಟು ತಡೆಯುವ ಒಂದೊಂದು ಸಣ್ಣ ರೆಸಿಸ್ಟರ್. ಸುಮ್ಮಸುಮ್ಮನೆ ಯಾರು ಇಷ್ಟೊಂದು ಇಡುತ್ತಾರೆ?

ತಾನೂ ಒಂದಿಟ್ಟಳು. ಒಳ್ಳೆಯದೇ ಆದರೆ ಜಾಸ್ತಿಯೇ ಇರಲಿ ಎಂದು ಹತ್ತು ಸಾವಿರ ಓಮಿನದು. ಮೋಟಾರು ನಿಧಾನಕ್ಕೆ ಓಡುವಾಗ ಮಾಸ್ಫೆಟ್ ಮುಟ್ಟಿ ಬೆರಳು ಸುಟ್ಟುಕೊಂಡಳು.

ಹಬೀಬ್ ನಕ್ಕರು. "ಅಷ್ಟು ತಡೆದ್ರೆ ಅದು ಪೂರ್ತಿ ತೆರೆಯೋಕೂ ತಡ, ಪೂರ್ತಿ ಮುಚ್ಚೋಕೂ ತಡ. ನಡುವೆ ಸಿಕ್ಕಿ ಬೇಯುತ್ತೆ ಪಾಪ."

"ನಗೋದು ಆಮೇಲೆ. ನೂರು ಓಮಿಂದು ಎಲ್ಲಿಟ್ಟಿದ್ದೀರಾ?"

ಕಂದು, ಕಪ್ಪು, ಕಂದು ಪಟ್ಟೆಯದನ್ನು ಅವರೇ ಹುಡುಕಿಕೊಟ್ಟರು. ಅದನ್ನು ತಂತಿಯ ಕೊನೆಯಲ್ಲಿ, ಗೇಟಿನ ಕಾಲಿಗೆ ಅಂಟಿಕೊಂಡಂತೆ ಬೆಸೆದಳು. ಹತ್ತು ಸಾವಿರದ್ದನ್ನೂ ಬಿಸಾಡಲಿಲ್ಲ. ಹೆಗಲ ತಂತಿ ಕಿತ್ತುಹೋದರೆ ಮೋಟಾರು ತಾನಾಗಿ ಓಡದಿರಲೆಂದು ಅದನ್ನು ಗೇಟಿನಿಂದ ಬ್ಯಾಟರಿಯ ಮೈನಸ್ಸಿಗೆ ಹಾಕಿದಳು. ಸುಟ್ಟ ಮೂರಕ್ಕೆ ಹೊಸ ಮಾಸ್ಫೆಟ್ ಹಾಕಿ, ಐದಕ್ಕೂ ಅದೇ ಕೆಲಸ ಮಾಡಿದಳು.

ಶನಿವಾರ ಬಂದ ಕುಮಾರ್, ರೆಗ್ಯುಲೇಟರುಗಳು ಇನ್ನೂ ಹೆಗಲ ಪಟ್ಟಿಯಲ್ಲೇ ಇರುವುದನ್ನು ಕಂಡು ಕೆಂಡವಾದ.

"ಏನ್ರೀ ಇದು? ನಾನು ಹೇಳಿದ್ದೇನು?"

"ಬಟ್ಟೆ ಒಣಗಿಸೋ ತಂತೀನ ಒಂದ್ಸಲ ಜಗ್ಗಿ ಬಿಡಿ ರೈಟ್ರೇ, ಎಷ್ಟೊತ್ತು ಅದುರುತ್ತೆ? ಕೊನೇಲಿ ಮೆತ್ತಗೆ ಕೈ ಇಟ್ರೆ ನಿಲ್ಲುತ್ತೆ. ಈ ಉದ್ದ ತಂತೀಲಿ ಹೋಗೋ ಕರೆಂಟೂ ಹಂಗೇ. ಆ ಅದುರಾಟಕ್ಕೇ ಸುಡ್ತಿತ್ತು. ಈಗ ರೆಸಿಸ್ಟರ್ ಹಾಕಿ ಕೈ ಇಟ್ಟಿದ್ದೀನಿ. ಹತ್ತು ದಿನ ಓಡ್ಸಿ. ಒಂದು ಸುಟ್ರೂ ನಾನೇ ಐದನ್ನೂ ಹಾಸನಕ್ಕೆ ಒಯ್ದು, ತಪ್ಪು ನಂದು ಅಂತ ಹೇಳಿ ಬರ್ತೀನಿ. ಬಿಚ್ಚೋದಂತೂ ಇಲ್ಲ."

ಕುಮಾರ್ ಗೊಣಗುತ್ತಲೇ ಐದನ್ನೂ ಜೀಪಿಗೆ ಹೇರಿಕೊಂಡು ಹೋದ. ಹತ್ತು ದಿನ ಕುಬ್ರಾಗೆ ಊಟ ರುಚಿಸಲಿಲ್ಲ. ಅಂಗಡಿಯ ಮುಂದೆ ಜೀಪು ನಿಂತ ಸದ್ದಾದರೆ ಸಾಕು, ಕತ್ತು ಚಾಚಿ ನೋಡುತ್ತಿದ್ದಳು. ಹಬೀಬ್ ಕೇಳಿದರೆ, ಗಿರಾಕಿ ಅಂದ್ಕೊಂಡೆ ಎನ್ನುತ್ತಿದ್ದಳು.

ಹನ್ನೊಂದನೇ ದಿನ ಅವಳೇ ಬಸ್ಸು ಹತ್ತಿ ಎಸ್ಟೇಟಿಗೆ ಹೋದಳು. ಸ್ಟೋರಿನ ಮುಂದೆ ಐದೂ ಸ್ಪ್ರೇಯರುಗಳು ಸಾಲಾಗಿದ್ದವು. ಹತ್ತು ದಿನದಲ್ಲಿ ಒಂದೂ ಸುಟ್ಟಿರಲಿಲ್ಲ. ಕುಮಾರ್ ಒಂದನ್ನು ಅರ್ಧ ಗಂಟೆ ಓಡಿಸಿ, ಹಿಂದಿನ ಮುಚ್ಚಳ ತೆಗೆದು ಮಾಸ್ಫೆಟ್ ಮೇಲೆ ಬೆರಳಿಟ್ಟ. ಉಗುರುಬೆಚ್ಚಗಿತ್ತು.

"ಸರಿ ಮಾರಾಯ್ತಿ," ಎಂದ, ಮುಖ ಅತ್ತ ತಿರುಗಿಸಿ. "ನಾಲ್ಕು ಹಿಂಗೇ ಇರ್ಲಿ. ಒಂದನ್ನ ಮಾತ್ರ ಕಂಪ್ನಿ ಮಾಡಿದಂಗೆ ಬೆನ್ನಿನ ಹಿಂದಕ್ಕೇ ಇಟ್ಕೊಡಿ. ಧಣಿಗಳು ಕೇಳಿದ್ರೆ ತೋರ್ಸಕ್ಕೆ ಬೇಕು."

ಕುಬ್ರಾ ಬಾಯಿ ತೆರೆಯುವ ಮೊದಲೇ ಹುಲಿಯಮ್ಮ ತನ್ನದನ್ನು ಬೆನ್ನಿಗೇರಿಸಿಕೊಂಡು ಹೇಳಿದಳು, "ಆಗ್ಲಿ ಬುಡಿ. ಆ ಒಂದನ್ನ ನೀವೇ ಹೊತ್ಕಳಿ ರೈಟ್ರೇ."

ಐದರಲ್ಲಿ ಒಂದನ್ನೂ ಬಿಚ್ಚಲಿಲ್ಲ.